ನೀರು ಕಂಡ ರೀಲುಗಳು

ಹಳೇ ಗಾಳದ ಸಾಮಾನಿನ ಹರಾಜಿನಲ್ಲಿ ಖಾಲಿ ಡಬ್ಬಕ್ಕೂ ಬೆಲೆ ಇದೆ. ಎಷ್ಟೋ ಸಲ ಒಳಗಿನ ವಸ್ತುವಿಗಿಂತ ಡಬ್ಬಕ್ಕೇ ಜಾಸ್ತಿ. ಅಮೆರಿಕದ ಮಿಶಿಗನ್ ರಾಜ್ಯದ ಡವಾಜಕ್ ಎಂಬ ಸಣ್ಣ ಊರಿನಲ್ಲಿ ಹೆಡನ್ ಅಂತ ಒಂದು ಕಂಪನಿ ಇತ್ತು. ನೂರು ವರ್ಷದ ಹಿಂದೆ ಅವರು ಮರದಲ್ಲಿ ಹುಸಿಮೀನು ಮಾಡಿ, ಪದರ ಪದರವಾಗಿ ಬಣ್ಣ ಬಳಿದು, ಗಾಜಿನ ಕಣ್ಣು ಕೂರಿಸಿ ಮಾರುತ್ತಿದ್ದರು. ಲ್ಯೂರ್ ಅನ್ನುತ್ತಾರಲ್ಲ, ಅದು. ಅಂಥದ್ದೊಂದು ಬಣ್ಣ ಕಿತ್ತು, ಮೈತುಂಬ ಮೀನಿನ ಹಲ್ಲಿನ ಗುರುತು ಬಿದ್ದು ಹರಾಜಿಗೆ ಬಂದರೆ ಬೆಲೆ ಅಷ್ಟಕ್ಕಷ್ಟೇ. ಅದೇ ಲ್ಯೂರ್ ರಟ್ಟಿನ ಡಬ್ಬದೊಳಗೆ, ಜೊತೆಗೆ ಬಂದ ಚೀಟಿಯ ಸಮೇತ, ಒಂದು ಸಲವೂ ನೀರಿಗೆ ಬೀಳದೆ ಉಳಿದಿದ್ದರೆ ಜನ ಮುಗಿಬೀಳುತ್ತಾರೆ.

ಅಂದರೆ ಮೀನು ಹಿಡಿಯಲು ಮಾಡಿದ ಸಾಮಾನು ಮೀನು ಹಿಡಿಯದೆ ಇದ್ದಷ್ಟೂ ಅದಕ್ಕೆ ಬೆಲೆ.

ಈ ಲೆಕ್ಕ ಎಲ್ಲಿಯವರೆಗೆ ಹೋಗಿದೆ ಅಂದರೆ, 2003ರಲ್ಲಿ ಅಮೆರಿಕದ ಲ್ಯಾಂಗ್ಸ್ ಎಂಬ ಹರಾಜು ಸಂಸ್ಥೆಯಲ್ಲಿ ಒಂದೇ ಒಂದು ಲ್ಯೂರ್ 1,01,200 ಡಾಲರಿಗೆ ಹೋಯಿತು. ಓಹಾಯೋ ರಾಜ್ಯದ ರೈಲಿ ಹ್ಯಾಸ್ಕೆಲ್ ಎಂಬಾತ 1859ರಲ್ಲಿ ಪೇಟೆಂಟ್ ಪಡೆದ ಲೋಹದ ಮೀನು ಅದು. ಗೇಣುದ್ದ ಇದೆ, ಬಾಲ ತಿರುಗುತ್ತದೆ. ಅಷ್ಟು ದುಡ್ಡು ಕೊಟ್ಟವರು ಅದನ್ನು ದಾರಕ್ಕೆ ಕಟ್ಟಿ ಕೆರೆಗೆ ಎಸೆಯುತ್ತಾರೆಯೇ? ಖಂಡಿತ ಇಲ್ಲ.

ನನಗೆ ಈ ಲೆಕ್ಕ ಒಪ್ಪಿಗೆಯಾಗಿಲ್ಲ. ಜೇಬಿಗೆ ಎಟುಕುವುದಿಲ್ಲ ಅನ್ನುವುದು ಒಂದು ಕಾರಣ, ನಿಜ. ಆದರೆ ಎಟುಕಿದರೂ ನಾನು ಕೊಳ್ಳುವುದು ನೀರು ಕಂಡ ರೀಲುಗಳನ್ನೇ. ರೀಲು ಅಂದರೆ ಗಾಳದ ಕೋಲಿಗೆ ಸಿಕ್ಕಿಸುವ, ದಾರ ಸುತ್ತುವ ಚಕ್ರ. ಉಜ್ಜಿದ ಗುರುತು, ದಾರ ಕೊರೆದ ಗೀರು, ಯಾರೋ ಅರದಿಂದ ತಿಕ್ಕಿದ ಅಂಚು, ಇವೆಲ್ಲ ಇರಬೇಕು. ಮಾರುವವರು ಇದನ್ನು ದೋಷದ ಪಟ್ಟಿಯಲ್ಲಿ ಬರೆಯುತ್ತಾರೆ. ನಾನು ಮೊದಲು ಓದುವುದು ಆ ಪಟ್ಟಿಯನ್ನೇ.

ನಾನಿರುವುದು ಇಂಗ್ಲೆಂಡಿನ ಉತ್ತರಕ್ಕೆ, ನ್ಯೂಕ್ಯಾಸಲ್‌ನಲ್ಲಿ. ಇಲ್ಲಿಂದ ಕಾರಿನಲ್ಲಿ ಇನ್ನೂ ಉತ್ತರಕ್ಕೆ ಮುಕ್ಕಾಲು ಗಂಟೆ ಹೋದರೆ ಆನಿಕ್ ಎಂಬ ಊರು ಸಿಗುತ್ತದೆ. ಕೋಟೆ ನೋಡಲು ಜನ ಬಸ್ಸು ಬಸ್ಸಾಗಿ ಬರುತ್ತಾರೆ. ಗಾಳದ ಹುಚ್ಚು ಹತ್ತಿದವರಿಗೆ ಮಾತ್ರ ಅದು ಹಾರ್ಡಿಯವರ ಊರು. 1872ರಲ್ಲಿ ವಿಲಿಯಂ ಹಾರ್ಡಿ ಅಲ್ಲಿ ಬಂದೂಕಿನ ಅಂಗಡಿ ತೆರೆದರು. ಮರುವರ್ಷ ತಮ್ಮ ಜಾನ್ ಜೇಮ್ಸ್ ಜೊತೆಗೂಡಿದರು. ಬಂದೂಕಿನ ಕೆಲಸ ಹಿಂದೆ ಸರಿದು ಗಾಳದ ಕೆಲಸ ಮುಂದೆ ಬಂತು. 1891ರಲ್ಲಿ ಅವರು ಮಾರುಕಟ್ಟೆಗೆ ತಂದ ರೀಲಿಗೆ ಪರ್ಫೆಕ್ಟ್ ಅಂತ ಹೆಸರಿಟ್ಟರು. ಒಳಗೆ ಸೈಕಲ್ ಚಕ್ರದಲ್ಲಿರುವಂಥ ಬಾಲ್ ಬೇರಿಂಗ್ ಹಾಕಿದ್ದರು. ಆ ಕಾಲಕ್ಕೆ ಅದು ದೊಡ್ಡ ಸುದ್ದಿ. ಅಲ್ಲಿಂದ ಮುಂದೆ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಹಲವು ದಶಕ ಅದೇ ರೀಲು ತಯಾರಾಯಿತು. ಮೊದಮೊದಲು ಪೂರ್ತಿ ಹಿತ್ತಾಳೆ, ಆಮೇಲೆ ಮುಖ ಮಾತ್ರ ಹಿತ್ತಾಳೆ, ಕೊನೆಗೆ ಎಲ್ಲವೂ ಹಗುರವಾದ ಮಿಶ್ರಲೋಹ. ಲಕ್ಷಣ ನೋಡಿಯೇ ಯಾವ ಕಾಲದ್ದು ಅಂತ ಅಂದಾಜು ಹೇಳಬಹುದು. ಹಾಗಾಗಿಯೇ ಸಂಗ್ರಹಕಾರರಿಗೆ ಪ್ರೀತಿ.

ಆನ್‌ಲೈನ್ ಹರಾಜಿನಲ್ಲಿ ರೀಲು ಕೈಗೆ ಸಿಗುವುದಿಲ್ಲ. ಸಿಗುವುದು ಫೋಟೋ. ಐದೋ ಆರೋ ಇರುತ್ತವೆ, ಅದರಲ್ಲಿ ಎರಡು ಅಡುಗೆಮನೆಯ ಬೆಳಕಿನಲ್ಲಿ ಅಲುಗಾಡಿದ್ದು. ಅದರಿಂದಲೇ ನೂರು ವರ್ಷದ ವಸ್ತುವಿನ ಜಾತಕ ಹೇಳಬೇಕು.

ಮೊದಲು ನೋಡುವುದು ರೀಲಿನ ಪಾದ. ರೀಲಿನ ಅಡಿಯಲ್ಲಿ ಉದ್ದಕ್ಕೆ ಒಂದು ಹಿತ್ತಾಳೆ ಪಟ್ಟಿ ಇರುತ್ತದೆ. ಅದನ್ನು ರಾಡಿನ, ಅಂದರೆ ಗಾಳದ ಕೋಲಿನ, ಹಿಡಿಯಲ್ಲಿರುವ ಬಳೆಯೊಳಗೆ ತೂರಿಸಿ ಬಿಗಿ ಮಾಡಬೇಕು. ಆ ಕಾಲದಲ್ಲಿ ಒಬ್ಬೊಬ್ಬ ತಯಾರಕನ ಬಳೆ ಒಂದೊಂದು ಅಳತೆ. ಎಷ್ಟೋ ಸಲ ಹಾರ್ಡಿ ರೀಲು ಇನ್ನೊಬ್ಬರ ರಾಡಿಗೆ ಕೂರುತ್ತಿರಲಿಲ್ಲ. ಆಗ ಮಾಲೀಕ ಏನು ಮಾಡುತ್ತಿದ್ದ? ಅರ ತಗೊಂಡು ಪಾದದ ತುದಿಯನ್ನು ತಿಕ್ಕಿ ತೆಳ್ಳಗೆ ಮಾಡುತ್ತಿದ್ದ. ಅಷ್ಟೇ, ರೀಲಿನ ಬೆಲೆಗೆ ದೊಡ್ಡ ಪೆಟ್ಟು. ಸಂಗ್ರಹಕಾರರ ಕಣ್ಣಿಗೆ ಅದು ಅಂಗವೈಕಲ್ಯ. ಚಾಣಾಕ್ಷ ಮಾರಾಟಗಾರರು ಪಾದ ಕಾಣದ ಹಾಗೆ ಫೋಟೋ ತೆಗೆಯುತ್ತಾರೆ. ನನಗೆ ಮಾತ್ರ ಆ ಅರದ ಗೀರು ಕಂಡರೆ ಖುಷಿ. ಈ ಮನುಷ್ಯನಿಗೆ ಶನಿವಾರ ಹೊಳೆಗೆ ಹೋಗಲೇಬೇಕಿತ್ತು, ಇದ್ದದ್ದು ಒಂದೇ ರಾಡು, ಹೊಸ ರಾಡಿಗೆ ದುಡ್ಡಿರಲಿಲ್ಲ. ಇಷ್ಟು ವಿಷಯ ಆ ಗೀರು ಹೇಳುತ್ತದೆ. ಮೇಲಾಗಿ ಅದೇ ಕಾರಣಕ್ಕೆ ರೀಲು ನನಗೆ ಅಗ್ಗಕ್ಕೆ ಸಿಗುತ್ತದೆ!

ಆಮೇಲೆ ದಾರ ಹೊರಬರುವ ಜಾಗ. ಕೆಲವು ಪರ್ಫೆಕ್ಟ್‌ಗಳಲ್ಲಿ ಅಲ್ಲಿ ಅಗೇಟ್ ಕಲ್ಲಿನ ಬಳೆ ಇರುತ್ತದೆ. ದಾರ ಉಜ್ಜಿ ಲೋಹ ಸವೆಯಬಾರದು ಅಂತ. ಕಲ್ಲು ಬಿರುಕು ಬಿಟ್ಟಿದ್ದರೆ ಬೆಲೆ ಇಳಿಯುತ್ತದೆ. ಕಲ್ಲಿಲ್ಲದ ರೀಲುಗಳಲ್ಲಿ ದಾರವೇ ಲೋಹವನ್ನು ಕೊರೆದು ಸಣ್ಣ ಕಾಲುವೆ ಮಾಡಿರುತ್ತದೆ. ಆಗಿನ ದಾರ ರೇಷ್ಮೆಯದ್ದು, ಅಗಸೆ ಎಣ್ಣೆ ಕುಡಿಸಿದ್ದು. ದಿನಾ ಮನೆಗೆ ಬಂದ ಮೇಲೆ ರೀಲಿನಿಂದ ಪೂರ್ತಿ ಬಿಚ್ಚಿ ಒಣಗಿಸಬೇಕಿತ್ತು, ಇಲ್ಲದಿದ್ದರೆ ಕೊಳೆಯುತ್ತಿತ್ತು. ಅದಕ್ಕೇ ಅಂತ ಮರದ ರಾಟೆಗಳು ಬರುತ್ತಿದ್ದವು. ಈಗ ಅವೂ ಹರಾಜಿಗೆ ಬರುತ್ತವೆ. ಕೊಂಡವರು ಬೈಠಕ್‌ಖಾನೆಯಲ್ಲಿ ಅಂದಕ್ಕೆ ಇಡುತ್ತಾರೆ.

ಮೂರನೆಯದು ಒಳಗಿನ ಫೋಟೋ. ಅದನ್ನು ಕೇಳಿ ತರಿಸಿಕೊಳ್ಳಬೇಕು. ದಾರ ಸುತ್ತಿಕೊಳ್ಳುವ ಡ್ರಮ್ ತೆಗೆದರೆ ಒಳಗೆ ಚೆಕ್ ಕಾಣುತ್ತದೆ, ಅಂದರೆ ಹಲ್ಲಿನ ಚಕ್ರಕ್ಕೆ ಒತ್ತಿ ಕೂತ ಸ್ಪ್ರಿಂಗು ಮತ್ತು ನಾಲಿಗೆ. ರೀಲು ತಿರುಗಿದಾಗ ಕರ್ರರ್ ಅನ್ನುವುದು ಅದೇ. ಅದರ ಹತ್ತಿರ ಎಷ್ಟೋ ರೀಲುಗಳಲ್ಲಿ ಒಂದೋ ಎರಡೋ ಅಕ್ಷರ ಒತ್ತಿರುತ್ತಾರೆ. ಆ ರೀಲನ್ನು ಜೋಡಿಸಿದ ಕೆಲಸಗಾರನ ಹೆಸರಿನ ಮೊದಲಕ್ಷರ. ಹೊರಮುಖದ ಮೇಲೆ ಕಂಪನಿಯ ಮುದ್ರೆ, ರಾಡು ಹಿಡಿದ ಕೈ. ಒಳಗೆ, ಯಾರೂ ನೋಡದ ಕಡೆ, ಕೆಲಸ ಮಾಡಿದವನ ಗುರುತು. ಡ್ರಮ್ಮು ಒಂದು ರೀಲಿನದ್ದು, ಚೌಕಟ್ಟು ಇನ್ನೊಂದರದ್ದು ಸೇರಿಸಿ ಮಾರುವವರೂ ಇದ್ದಾರೆ. ಒಳಗಿನ ಫೋಟೋ ಇದ್ದರೆ ಅದೂ ಬಯಲಾಗುತ್ತದೆ.

ಸದ್ದು ಮಾತ್ರ ಫೋಟೋದಲ್ಲಿ ಬರುವುದಿಲ್ಲ. ಒಂದು ಪರ್ಫೆಕ್ಟ್‌ನಂತೆ ಇನ್ನೊಂದು ಸದ್ದು ಮಾಡುವುದಿಲ್ಲ, ಸ್ಪ್ರಿಂಗು ಎಷ್ಟು ದಣಿದಿದೆ ಅನ್ನುವುದರ ಮೇಲೆ ಹೋಗುತ್ತದೆ. ನಾನು ಮಾರುವವರಿಗೆ ಬರೆದು, ಹಿಡಿ ತಿರುಗಿಸಿ ಫೋನಿನಲ್ಲಿ ಒಂದು ಸಣ್ಣ ವಿಡಿಯೋ ಕಳಿಸಿ ಅನ್ನುತ್ತೇನೆ. ಕೆಲವರು ಕಳಿಸುತ್ತಾರೆ. ಕೆಲವರಿಗೆ ನನ್ನ ತಲೆ ಸರಿಯಿಲ್ಲ ಅನ್ನಿಸುತ್ತದೋ ಏನೋ, ಉತ್ತರವೇ ಬರುವುದಿಲ್ಲ.

ಮಾರುವವರಲ್ಲಿ ಎರಡು ಬಗೆ. ಒಂದು ವ್ಯಾಪಾರಿಗಳು, ಎಲ್ಲ ಗೊತ್ತಿರುವವರು. ಇನ್ನೊಂದು, ಯಾರೋ ತೀರಿಕೊಂಡ ಮೇಲೆ ಮನೆ ಖಾಲಿ ಮಾಡಲು ಗುತ್ತಿಗೆ ಹಿಡಿದವರು. ಇವರಿಗೆ ರೀಲೂ ಒಂದೇ, ಹಳೇ ಇಸ್ತ್ರಿಪೆಟ್ಟಿಗೆಯೂ ಒಂದೇ. 'ಹಳೆಯ ಮೀನಿನ ಚಕ್ರ' ಅಂತ ಬರೆದು ಹಾಕಿರುತ್ತಾರೆ. ಹಾರ್ಡಿ ಅನ್ನುವ ಹೆಸರಿನ ಸ್ಪೆಲಿಂಗ್ ತಪ್ಪಿರುತ್ತದೆ. ಅದಕ್ಕೇ ಪಳಗಿದವರು ತಪ್ಪು ಸ್ಪೆಲಿಂಗ್ ಹಾಕಿಯೇ ಹುಡುಕುತ್ತಾರೆ. ನಾನೂ ಹುಡುಕುತ್ತೇನೆ. ಆದರೆ ಈಗ ಎಲ್ಲರೂ ಹುಡುಕುವುದರಿಂದ ತಪ್ಪು ಸ್ಪೆಲಿಂಗಿಗೂ ಪೈಪೋಟಿ ಬಂದಿದೆ.

ಇನ್ನು ಹರಾಜಿನ ಮಾತು. ನಮ್ಮ ಕಡೆ ಕೆರೆ ಮೀನಿನ ಹರಾಜು, ಜಾತ್ರೆ ಮುಗಿದ ಮೇಲೆ ದೇವಸ್ಥಾನದ ಸಾಮಾನಿನ ಹರಾಜು ನೋಡಿದವರಿಗೆ ಗೊತ್ತು. ಎದುರಿಗೆ ಯಾರು ಕೂಗುತ್ತಿದ್ದಾರೆ ಅಂತ ಕಾಣುತ್ತದೆ. ಒಂದು ಸಾರಿ, ಎರಡು ಸಾರಿ ಅನ್ನುವಾಗ ಇಡೀ ಗುಂಪು ಒಬ್ಬನ ಮುಖ ನೋಡುತ್ತದೆ. ಮೂರು ಸಾರಿ ಅನ್ನುವವರೆಗೆ ಇನ್ನೊಬ್ಬ ಬಾಯಿ ಹಾಕಬಹುದು. ಅಂದರೆ ಹರಾಜು ಮುಗಿಯುವುದು ಜನ ಸುಮ್ಮನಾದಾಗ. ಇಬೇಯಂಥ ಆನ್‌ಲೈನ್ ತಾಣದಲ್ಲಿ ಮುಗಿಯುವುದು ಗಡಿಯಾರ ನಿಂತಾಗ. ಈ ಒಂದು ವ್ಯತ್ಯಾಸದಿಂದ ಆಟವೇ ಬದಲಾಗುತ್ತದೆ.

ಇಬೇ 1995ರಲ್ಲಿ ಶುರುವಾಯಿತು. ಆಗ ಅದರ ಹೆಸರು ಆಕ್ಷನ್‌ವೆಬ್. ಅದನ್ನು ಶುರು ಮಾಡಿದ ಪಿಯರ್ ಒಮಿಡ್ಯಾರ್ ಮೊದಲು ಮಾರಿದ ವಸ್ತು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, 14.83 ಡಾಲರಿಗೆ. ಕೊಂಡವನು ಕೆಟ್ಟ ಲೇಸರ್ ಪಾಯಿಂಟರುಗಳನ್ನೇ ಕೂಡಿಡುವವನಂತೆ! ಈ ಕಥೆ ಕೇಳಿದ ಮೇಲೆ ಹಳೇ ರೀಲು ಕೊಳ್ಳುವ ನನ್ನ ಬಗ್ಗೆ ನನಗೆ ಸ್ವಲ್ಪ ಧೈರ್ಯ ಬಂತು.

ಅಲ್ಲಿನ ಪದ್ಧತಿ ಹೀಗೆ. ನೀವು ಎಷ್ಟರವರೆಗೆ ಕೊಡಬಲ್ಲಿರಿ ಅಂತ ಗುಟ್ಟಾಗಿ ಬರೆದಿಡಬೇಕು. ಯಂತ್ರ ನಿಮ್ಮ ಪರವಾಗಿ ಅಗತ್ಯ ಇದ್ದಷ್ಟೇ ಏರಿಸುತ್ತಾ ಹೋಗುತ್ತದೆ. ಗೆದ್ದರೆ ನೀವು ಕೊಡಬೇಕಾದ್ದು ನಿಮ್ಮ ಬೆಲೆಯನ್ನಲ್ಲ, ಎರಡನೆಯವನ ಬೆಲೆಗಿಂತ ಒಂದು ಮೆಟ್ಟಿಲು ಮೇಲಿನದ್ದನ್ನು. ಇದರ ಹಿಂದಿನ ತರ್ಕವನ್ನು ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞ 1961ರಲ್ಲೇ ಬರೆದಿದ್ದರು. ಎರಡನೆಯವನ ಬೆಲೆ ಕೊಡಬೇಕಾದ ಹರಾಜಿನಲ್ಲಿ ಸುಳ್ಳು ಹೇಳಿ ಲಾಭವಿಲ್ಲ, ಮನಸ್ಸಿನಲ್ಲಿರುವ ಬೆಲೆಯನ್ನೇ ಬರೆಯುವುದು ಒಳ್ಳೆಯದು ಅನ್ನುವುದು ಸಾರ. 1996ರಲ್ಲಿ ಅವರಿಗೆ ನೊಬೆಲ್ ಬಂತು. ಸುದ್ದಿ ಬಂದ ಮೂರನೇ ದಿನಕ್ಕೆ ತೀರಿಹೋದರು, ಪಾಪ.

ತರ್ಕ ಸರಿಯಾಗಿಯೇ ಇದೆ. ಆದರೆ ಮನುಷ್ಯರು ಹಾಗೆ ನಡೆದುಕೊಳ್ಳುವುದಿಲ್ಲ. ಆರು ದಿನ ನಿದ್ದೆ ಹೊಡೆದ ಹರಾಜು ಕೊನೆಯ ಹತ್ತು ಸೆಕೆಂಡಿನಲ್ಲಿ ಎದ್ದು ಕುಣಿಯುತ್ತದೆ. ಮೊದಲೇ ಬಿಡ್ ಹಾಕಿದರೆ ಬೇರೆಯವರಿಗೆ ಸುಳಿವು ಸಿಗುತ್ತದೆ, ಅವರು ಮೇಲೆ ಹಾಕುತ್ತಾರೆ, ಹಟಕ್ಕೆ ನೀವೂ ಏರಿಸುತ್ತೀರಿ. ಅದಕ್ಕೆ ಎಲ್ಲರೂ ಕೊನೇ ಗಳಿಗೆಗೆ ಕಾಯುತ್ತಾರೆ. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನೇ ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದರು. ಅವರು ಅಧ್ಯಯನ ಮಾಡಿದ ಕಾಲದಲ್ಲಿ ಅಮೆಜಾನ್ ಕೂಡ ಹರಾಜು ನಡೆಸುತ್ತಿತ್ತು. ಅಲ್ಲಿ ಕೊನೆಯಲ್ಲಿ ಯಾರಾದರೂ ಬಿಡ್ ಹಾಕಿದರೆ ಇನ್ನೂ ಹತ್ತು ನಿಮಿಷ ಸಮಯ ಸಿಗುತ್ತಿತ್ತು, ನಮ್ಮೂರಿನ ಮೂರು ಸಾರಿಯ ಹಾಗೆ. ಅಲ್ಲಿ ಕೊನೇ ಗಳಿಗೆಯ ಬಿಡ್‌ಗಳು ಬಹಳ ಕಡಿಮೆ. ಇಬೇಯಲ್ಲಿ ಜಾಸ್ತಿ. ಅದರಲ್ಲೂ ಹಳೇ ವಸ್ತುಗಳ ವಿಭಾಗದಲ್ಲಿ ಇನ್ನೂ ಜಾಸ್ತಿ. ಯಾಕೆ ಅಂದರೆ ಅಲ್ಲಿ ತಿಳಿದವನ ಬಿಡ್ಡೇ ಒಂದು ಸುಳಿವು. ಗೊತ್ತಿರುವವನು ಕೈ ಹಾಕಿದ್ದಾನೆ ಅಂದರೆ ವಸ್ತು ಅಸಲಿಯೇ ಇರಬೇಕು ಅಂತ ಗೊತ್ತಿಲ್ಲದವರೂ ಹಿಂದೆ ಬರುತ್ತಾರೆ.

ನನ್ನ ರೂಢಿ ಸರಳ. ಬೆಲೆಯನ್ನು ಮಧ್ಯಾಹ್ನವೇ ಚೀಟಿಯಲ್ಲಿ ಬರೆದಿಡುತ್ತೇನೆ. ರಾತ್ರಿ ಕೊನೆಯ ನಿಮಿಷದಲ್ಲಿ ಅದನ್ನೇ ಹಾಕಿ ಕಂಪ್ಯೂಟರ್ ಮುಚ್ಚಿ ಅಡುಗೆಮನೆಗೆ ಹೋಗುತ್ತೇನೆ. ಇಲ್ಲಿ ಹರಾಜುಗಳು ಹೆಚ್ಚಾಗಿ ಮುಗಿಯುವುದು ಭಾನುವಾರ ರಾತ್ರಿ. ಜನ ಊಟ ಮುಗಿಸಿ, ಒಂದು ಲೋಟ ವೈನು ಇಳಿಸಿ ಕೂತಿರುತ್ತಾರೆ ಅಂತ ಮಾರುವವರಿಗೆ ಚೆನ್ನಾಗಿ ಗೊತ್ತು.

ಗೆದ್ದ ಮೇಲೂ ಪೂರ್ತಿ ಸಂತೋಷ ಪಡುವ ಹಾಗಿಲ್ಲ. 1971ರಲ್ಲಿ ಅಮೆರಿಕದ ಒಂದು ತೈಲ ಕಂಪನಿಯ ಮೂವರು ಎಂಜಿನಿಯರುಗಳು ಒಂದು ವಿಷಯ ಗಮನಿಸಿದರು. ಸಮುದ್ರದಡಿಯ ತೈಲದ ಗುತ್ತಿಗೆಗೆ ಹತ್ತು ಕಂಪನಿ ಬೆಲೆ ಕೂಗಿದರೆ ಗೆಲ್ಲುವವನು ಯಾರು? ತೈಲ ಎಷ್ಟಿದೆ ಅಂತ ಅತಿ ಹೆಚ್ಚು ಅಂದಾಜು ಮಾಡಿದವನು. ಅಂದರೆ ಬಹುಪಾಲು ಅತಿ ಹೆಚ್ಚು ತಪ್ಪಿದವನು. ರೀಲಿಗೂ ಇದೇ ಮಾತು. ಮಸುಕು ಫೋಟೋದಲ್ಲಿ ಕಂಡದ್ದನ್ನು ಎಲ್ಲರಿಗಿಂತ ಒಳ್ಳೆಯದಾಗಿ ಊಹಿಸಿಕೊಂಡವನಿಗೇ ರೀಲು. ಚೆನ್ನಾಗಿಯೇ ಇರಬೇಕು ಅಂತ ನಂಬಿ ಕೊಳ್ಳುವವರಿಗೆ ಗೆದ್ದವನ ಈ ಶಾಪ ಜಾಸ್ತಿ ತಟ್ಟುತ್ತದೆ. ಸವೆದದ್ದೇ ಬೇಕು ಅನ್ನುವವನಿಗೆ ನಿರಾಸೆ ಆಗುವುದು ಕಷ್ಟ.

ಲ್ಯೂರುಗಳ ಲೋಕದಲ್ಲಿ ಮೋಸವೂ ಜಾಸ್ತಿ. ಸವೆದ ಹೆಡನ್‌ಗೆ ಹೊಸ ಬಣ್ಣ ಬಳಿದು ಹಳೆಯದು ಅಂತ ಮಾರುತ್ತಾರೆ. ಅತಿನೇರಳೆ ದೀಪ ಹಿಡಿದರೆ ಹೊಸ ಬಣ್ಣ ಬೇರೆಯಾಗಿ ಹೊಳೆದು ಸಿಕ್ಕಿಬೀಳುತ್ತದೆ. ಕೊಕ್ಕೆ ಕೂರಿಸಿದ ರೀತಿ ನೋಡಿಯೂ ಕಾಲ ಹೇಳಬಹುದು. ಮೊದಲು ಬಟ್ಟಲಿನಂಥ ಗುಳಿ, ಆಮೇಲೆ ಎಲ್ ಆಕಾರದ ತಗಡು, ಹೀಗೆ. ಪ್ಲಾಸ್ಟಿಕ್ ಬಂದ ಮೇಲಿನವು ಇನ್ನೊಂದು ತಲೆನೋವು. ಆರಂಭದ ಕೆಲವು ಪ್ಲಾಸ್ಟಿಕ್‌ಗಳು ತಮ್ಮಷ್ಟಕ್ಕೆ ತಾವೇ ಬಿರುಕು ಬಿಟ್ಟು ಪುಡಿಯಾಗುತ್ತವೆ, ಮುಚ್ಚಿದ ಡಬ್ಬದಲ್ಲೇ ಇದ್ದರೂ. ಕೋಟಿ ಜೋಪಾನ ಮಾಡಿದವನ ಕಪಾಟಿನಲ್ಲೇ ಈ ಗತಿ. ಇದನ್ನು ಹೇಳುವಾಗ ನನಗೆ ಸ್ವಲ್ಪ ನಗು ಬರುತ್ತದೆ, ಕ್ಷಮಿಸಿ.

ದಂತದ ಹಿಡಿಯ ರೀಲುಗಳ ಕಥೆ ಬೇರೆ. 19ನೇ ಶತಮಾನದ ಕೆಲವು ಹಿತ್ತಾಳೆ ರೀಲುಗಳಿಗೆ ಆನೆದಂತದ ಹಿಡಿ ಇರುತ್ತಿತ್ತು. ಬ್ರಿಟನ್ನಿನ ದಂತದ ಕಾಯ್ದೆ 2018ರಲ್ಲಿ ಪಾಸಾಗಿ 2022ರ ಜೂನ್‌ನಲ್ಲಿ ಜಾರಿಗೆ ಬಂತು. 1947ಕ್ಕಿಂತ ಹಿಂದಿನದ್ದಾಗಿದ್ದು, ದಂತ ಹತ್ತನೇ ಒಂದು ಪಾಲಿಗಿಂತ ಕಡಿಮೆ ಇದ್ದರೆ ನೋಂದಣಿ ಮಾಡಿಸಿ ಮಾರಬಹುದು. ಇಬೇಯಂತೂ 2009ರಿಂದಲೇ ದಂತ ಬೇಡ ಅಂದಿದೆ. ನಾನು ಅವುಗಳ ತಂಟೆಗೆ ಹೋಗುವುದಿಲ್ಲ.

ರೀಲುಗಳನ್ನು ಬಿಚ್ಚಿ ಜೋಡಿಸುತ್ತಾ ಇದ್ದರೆ ಒಂದು ವಿಷಯ ಗಮನಕ್ಕೆ ಬರುತ್ತದೆ. ಇದು ಗಡಿಯಾರದವರ ಕೈಚಳಕ. ಅಮೆರಿಕದ ಕೆಂಟಕಿಯಲ್ಲಿ 19ನೇ ಶತಮಾನದ ಆರಂಭದಲ್ಲಿ, ಹಿಡಿ ಒಂದು ಸುತ್ತು ತಿರುಗಿಸಿದರೆ ಡ್ರಮ್ಮು ಹಲವು ಸುತ್ತು ತಿರುಗುವ ರೀಲು ಮಾಡಿದ ಜಾರ್ಜ್ ಸ್ನೈಡರ್ ಗಡಿಯಾರ ಮತ್ತು ಬೆಳ್ಳಿಯ ಕೆಲಸದವನು. ಸ್ವೀಡನ್ನಿನ ಸ್ವೆಂಗ್‌ಸ್ಟಾ ಊರಿನ ಆಬು ಕಂಪನಿ 1921ರಲ್ಲಿ ಶುರುವಾದದ್ದು ಗಡಿಯಾರದ ಕಾರ್ಖಾನೆಯಾಗಿ. ಟ್ಯಾಕ್ಸಿ ಮೀಟರು ಮಾಡುತ್ತಿದ್ದರು. ಅವರೇ 1950ರ ದಶಕದಲ್ಲಿ ಕೆಂಪು ಬಣ್ಣದ ಅಂಬಾಸಡರ್ 5000 ತಂದರು. ಫ್ರಾನ್ಸಿನ ಮಿಚೆಲ್ ರೀಲುಗಳು ತಯಾರಾದದ್ದು ಆಲ್ಪ್ಸ್ ಬುಡದ ಕ್ಲೂಸ್‌ನಲ್ಲಿ, ಅದೂ ಗಡಿಯಾರದವರ ಊರು. ಬ್ರಾಡ್‌ಫೋರ್ಡ್‌ನ ಇಲಿಂಗ್‌ವರ್ತ್ ಒಬ್ಬರು ಮಾತ್ರ ಬೇರೆ. ಅವರದ್ದು ಜವಳಿ ಗಿರಣಿಯ ಕುಟುಂಬ. ನೂಲಿನ ಕದಿರಿನಿಂದ ದಾರ ಸಲೀಸಾಗಿ ಜಾರುವುದನ್ನು ಕಂಡು 1905ರಲ್ಲಿ ಡ್ರಮ್ಮು ತಿರುಗದ ರೀಲಿಗೆ ಪೇಟೆಂಟ್ ಪಡೆದರು. ಇವತ್ತು ಅಂಗಡಿಯಲ್ಲಿ ಸಿಗುವ ಸ್ಪಿನ್ನಿಂಗ್ ರೀಲುಗಳ ಮೂಲ ಅದು. ಅಂದಹಾಗೆ ಹಾರ್ಡಿ, ಆಬು, ಮಿಚೆಲ್ ಮೂರೂ ಹೆಸರು 2013ರ ಹೊತ್ತಿಗೆ ಅಮೆರಿಕದ ಒಂದೇ ಕಂಪನಿಯ ಜೇಬಿಗೆ ಸೇರಿದ್ದವು.

ಬರೀ ವಿಲಾಯಿತಿಯ ಮಾತಾಯಿತು ಅನ್ನಬೇಡಿ. ಈ ಪೆಟ್ಟಿಗೆಗಳಲ್ಲಿ ನಮ್ಮ ನೆಲದ್ದೂ ಬೇಕಾದಷ್ಟಿದೆ.

ಬಿದಿರಿನ ರಾಡು ತಗೊಳ್ಳಿ. ಬಿದಿರನ್ನು ಸೀಳಿ, ತ್ರಿಕೋನಾಕಾರದ ಆರು ಪಟ್ಟಿ ಹೆರೆದು, ಅಂಟಿಸಿ ಆರು ಮುಖದ ರಾಡು ಮಾಡುತ್ತಾರೆ. ಮೊದಮೊದಲು ಅದಕ್ಕೆ ಬಳಸಿದ್ದು ಭಾರತದ ಬಿದಿರು. ಕಲ್ಕತ್ತಾ ಬಂದರಿನಿಂದ ಹೋಗುತ್ತಿದ್ದರಿಂದ ಕಲ್ಕತ್ತಾ ಕೇನ್ ಅಂತಲೇ ಹೆಸರಾಯಿತು. ಮೈಮೇಲೆ ಕಂದು ಬಣ್ಣದ ಸುಟ್ಟ ಕಲೆಗಳಿರುತ್ತವೆ, ಫೋಟೋದಲ್ಲೂ ಗುರುತು ಹಿಡಿಯಬಹುದು. ನಮ್ಮ ಕಾಡುಗಳಲ್ಲಿ ಬೆಳೆಯುವ ಗಟ್ಟಿ ಬಿದಿರಿನ ಜಾತಿಯೇ ಅದು. 20ನೇ ಶತಮಾನದಲ್ಲಿ ಚೀನಾದ ಟೊಂಕಿನ್ ಬಿದಿರು ಅದರ ಜಾಗ ಹಿಡಿಯಿತು. 1950ರಲ್ಲಿ ಅಮೆರಿಕ ಚೀನಾದ ಸರಕಿಗೆ ನಿರ್ಬಂಧ ಹಾಕಿದಾಗ ಅಲ್ಲಿನವರಿಗೆ ಟೊಂಕಿನ್ನೂ ಸಿಗದಂತಾಯಿತು. ಅಷ್ಟರಲ್ಲಿ ಫೈಬರ್‌ಗ್ಲಾಸ್ ಬಂದಿತ್ತು.

ಇನ್ನೊಂದು, ಅಂಗೈಯಗಲದ ಗುಂಡು ತಗಡಿನ ಡಬ್ಬಿ. ಮನೆ ಖಾಲಿ ಮಾಡುವವರು ಎಸೆಯುವ ದರಕ್ಕೆ ಕೊಡುತ್ತಾರೆ. ಮುಚ್ಚಳ ತೆಗೆದರೆ ಒದ್ದೆ ಮಾಡಿ ಇಡಲು ಫೆಲ್ಟಿನ ಬಿಲ್ಲೆಗಳು, ಅವುಗಳ ನಡುವೆ ಜೇನುಬಣ್ಣದ ಗಡುಸಾದ ಎಳೆಗಳ ಸುರುಳಿ. ನೈಲಾನ್ ಬರುವ ಮೊದಲು ಕೊಕ್ಕೆಗೆ ಕಟ್ಟುತ್ತಿದ್ದದ್ದು ಇದನ್ನು. ಸ್ಪೇನಿನ ಮುರ್ಸಿಯಾದಲ್ಲಿ ತಯಾರಾಗುತ್ತಿತ್ತು. ರೇಷ್ಮೆಹುಳು ಹಣ್ಣಾಗಿ ಇನ್ನೇನು ಗೂಡು ಕಟ್ಟಬೇಕು ಅನ್ನುವಾಗ ಅದನ್ನು ವಿನೆಗರ್‌ಗೆ ಹಾಕಿ, ಆಮೇಲೆ ಮೈ ಸೀಳಿ, ಒಳಗಿನ ರೇಷ್ಮೆ ಗ್ರಂಥಿಯನ್ನು ಎರಡು ಕೈಯಲ್ಲಿ ಹಿಡಿದು ಎಳೆಯುತ್ತಿದ್ದರು. ಎಳೆದಷ್ಟು ಉದ್ದ, ಒಣಗಿದರೆ ತಂತಿಯಷ್ಟು ಗಟ್ಟಿ. ಒಂದು ಹುಳದ ಜೀವಮಾನದ ನೂಲು ಹೆಚ್ಚೆಂದರೆ ಮೊಳದುದ್ದದ ಎರಡು ಎಳೆಯಾಗಿ ಮುಗಿಯುತ್ತಿತ್ತು. ರಾಮನಗರದ ಗೂಡಿನ ಮಾರುಕಟ್ಟೆ ನೋಡಿದವರಿಗೆ, ಮನೆಯಲ್ಲಿ ಹುಳ ಸಾಕಿದವರಿಗೆ ಇದನ್ನು ಕೇಳಿದರೆ ಕರುಳು ಚುರ್ ಅನ್ನಬಹುದು. ಗೂಡನ್ನೂ ಕಟ್ಟಲು ಬಿಡಲಿಲ್ಲವಲ್ಲಪ್ಪಾ! ಈಗ ಆ ಎಳೆ ಬಾಗಿಸಿದರೆ ಸಾಕು, ಲಟಕ್ ಅಂತ ಮುರಿಯುತ್ತದೆ.

ಮೂರನೆಯದು ನನ್ನ ಮನಸ್ಸಿಗೆ ಹೆಚ್ಚು ಹತ್ತಿರದ್ದು. ಅಂಗೈಯಗಲದ ತಾಮ್ರ ಹಿತ್ತಾಳೆಯ ಚಮಚದಂಥ ಲ್ಯೂರುಗಳು ಆಗಾಗ ಹರಾಜಿಗೆ ಬರುತ್ತವೆ, ಮಹಶೀರ್ ಸ್ಪೂನ್ ಅನ್ನುವ ಹೆಸರಿನಲ್ಲಿ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿ ನೌಕರಿ ಮಾಡಿದವರ ಮನೆಯ ಅಟ್ಟದಿಂದ ಇಳಿದು ಬಂದವು. ಕೊಕ್ಕೆಗಳು ನೋಡಿ, ಇಲ್ಲಿನ ಟ್ರೌಟ್ ಮೀನಿನ ಕೊಕ್ಕೆಯ ನಾಲ್ಕರಷ್ಟು ದಪ್ಪ. ಮಹಶೀರ್ ಬಾಯಿ ಮುಚ್ಚಿದರೆ ಸಾಧಾರಣ ಕೊಕ್ಕೆ ನಜ್ಜುಗುಜ್ಜಾಗುತ್ತಿತ್ತು. ನಮ್ಮ ಕಾವೇರಿ ಕಡೆ ಬಿಳಿಮೀನು ಅನ್ನುತ್ತಾರಲ್ಲ, ಅದೇ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಈ ಮೀನಿನ ಹುಚ್ಚು ಹಿಡಿದು, ಭಾರತದಲ್ಲಿ ಗಾಳ ಹಾಕುವುದರ ಬಗ್ಗೆ ಬರೆದ ಪುಸ್ತಕ 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ, ಬಾಸೆಲ್ ಮಿಶನ್ನಿನವರಿಂದ. ಕಿಟ್ಟೆಲ್ ನಿಘಂಟು ಹೊರಬಂದದ್ದೂ ಅವರಿಂದಲೇ. ಆ ಮೊದಲ ಮುದ್ರಣದ ಪ್ರತಿ ಇಲ್ಲಿನ ಹರಾಜಿಗೆ ಬಂದರೆ ಗಾಳದವರೂ ಪುಸ್ತಕದವರೂ ಕಿತ್ತಾಡುತ್ತಾರೆ.

1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ ಕಾವೇರಿ ಸೀಮೆಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತು, ಅಂದರೆ 54 ಕಿಲೋ. ಸತ್ತ ಹುಲಿ ಚಿರತೆಗಳ ಚರ್ಮ ಹದಮಾಡಿ ಜೀವಂತ ಇದ್ದ ಹಾಗೆ ನಿಲ್ಲಿಸುವುದರಲ್ಲಿ ಹೆಸರು ಮಾಡಿದ ಮನೆತನ ಅದು. ಆಮೇಲೆ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗೆ ವಿಲಾಯಿತಿಯಿಂದ ಜನ ಗಾಳ ಹೊತ್ತು ಬಂದರು. ಹಿಡಿದು, ತೂಕ ನೋಡಿ, ವಾಪಸ್ ಬಿಡುವ ಪದ್ಧತಿ. ಸಾವಿರ ಪೌಂಡ್ ಬೆಲೆಯ ರಾಡು ರೀಲು ಹಿಡಿದವರೂ ಕೊಕ್ಕೆಗೆ ಹಾಕುತ್ತಿದ್ದದ್ದು ಮಾತ್ರ ರಾಗಿ ಮುದ್ದೆ! ಮಂಡ್ಯದ ಕಡೆಯವನಾದ ನನಗೆ ಇದಕ್ಕಿಂತ ಹೆಮ್ಮೆಯ ವಿಷಯ ಇನ್ನೊಂದಿಲ್ಲ. ಈಗ ಅಭಯಾರಣ್ಯದೊಳಗೆ ಗಾಳ ಹಾಕುವುದು ನಿಂತಿದೆ. ಗೂನುಬೆನ್ನಿನ ಆ ಕಾವೇರಿ ಮಹಶೀರ್‌ಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದೇ 2018ರಲ್ಲಿ, ಟೋರ್ ರೆಮದೇವಿ ಅಂತ. ಅದೇ ವರ್ಷ ಅದು ಅಳಿವಿನ ಅಂಚಿಗೆ ಬಂದ ಜೀವಿಗಳ ಪಟ್ಟಿಯನ್ನೂ ಸೇರಿತು. ಅಣೆಕಟ್ಟು, ಮರಳು ತೆಗೆಯುವುದು, ಡೈನಮೈಟು, ಹೊರಗಿನಿಂದ ತಂದು ಬಿಟ್ಟ ಬೇರೆ ಮಹಶೀರ್ ಜಾತಿ, ಎಲ್ಲ ಸೇರಿ ಈ ಸ್ಥಿತಿ. ಹಿಡಿಯಲು ಮಾಡಿದ ಚಮಚಗಳು ಚೆನ್ನಾಗಿಯೇ ಉಳಿದಿವೆ. ಅಂಥ ಒಂದನ್ನು ಕೊಂಡಿದ್ದೇನೆ. ಅದರ ಮೇಲೆ ಹಲ್ಲಿನ ಗುರುತಿಲ್ಲ. ಮಹಶೀರ್‌ಗೆ ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿವೆ. ಆದರೆ ತಗಡು ಒಂದು ಕಡೆ ತಗ್ಗಿದೆ. ಬಂಡೆಗೆ ಬಡಿದದ್ದೋ, ಮೀನು ಅಮುಕಿದ್ದೋ ಹೇಳಲು ಬರುವುದಿಲ್ಲ.

ಪಾರ್ಸೆಲ್ ಬಿಚ್ಚುವುದನ್ನು ಅಮ್ಮ ವಿಡಿಯೋ ಕಾಲ್‌ನಲ್ಲಿ ನೋಡುತ್ತಾರೆ. ಕಳೆದ ಚಳಿಗಾಲದಲ್ಲಿ ಹಿತ್ತಾಳೆ ಮುಖದ ರೀಲೊಂದು ಬಂತು. ಕಪ್ಪುಗಟ್ಟಿತ್ತು. ಅಮ್ಮ ಕೇಳಿದರು, "ಅದೇನೋ ಅಷ್ಟು ಕರ್ರಗಿದೆ? ಹುಣಸೆಹಣ್ಣು ಇಲ್ವೇನೋ ಮನೇಲಿ? ಒಂದ್ಸಲ ತಿಕ್ಕಿ ತೊಳಿ, ಬಂಗಾರದಂಗೆ ಆಗುತ್ತೆ."

"ಬೇಡಮ್ಮ, ಕರ್ರಗೇ ಇರಬೇಕು. ತೊಳೆದ್ರೆ ಬೆಲೆ ಅರ್ಧ ಆಗುತ್ತೆ."

"ಕೊಳೆಗೆ ದುಡ್ಡು ಕೊಟ್ಯಾ ಹಾಗಾದ್ರೆ?"

ಸಂಗ್ರಹದ ಅರ್ಥಶಾಸ್ತ್ರವನ್ನು ಇಷ್ಟು ಚುಟುಕಾಗಿ ಬೇರೆ ಯಾರೂ ನನಗೆ ಹೇಳಿರಲಿಲ್ಲ. ಆದರೂ ತೊಳೆಯಲಿಲ್ಲ. ಹಿತ್ತಾಳೆಯ ಮೇಲೆ ಕಾಲ ಕಟ್ಟಿದ ಆ ಬಣ್ಣವನ್ನು ಉಜ್ಜಿದರೆ ಜೊತೆಗೆ ಮುದ್ರೆಯ ಅಂಚೂ, ಕೆತ್ತಿದ ಅಕ್ಷರವೂ ಮೊಂಡಾಗುತ್ತವೆ. ಮಾರಾಟಕ್ಕೆ ಬರುವ ಎಷ್ಟೋ ರೀಲುಗಳನ್ನು ಹೀಗೆ ಫಳಫಳ ಮಾಡಿಯೇ ಫೋಟೋ ತೆಗೆದಿರುತ್ತಾರೆ, ಅವನ್ನು ಕಂಡರೆ ನಾನು ಮುಂದೆ ಹೋಗುತ್ತೇನೆ. ಒಳಗಿನ ಕೆಲಸ ಮಾತ್ರ ಮಾಡಲೇಬೇಕು. ಗಟ್ಟಿಯಾದ ಹಳೇ ಗ್ರೀಸನ್ನು ಸೀಮೆಎಣ್ಣೆಯಲ್ಲಿ ನೆನೆಸಿ ತೆಗೆಯಬೇಕು. ಬೇರಿಂಗಿನ ಗುಂಡುಗಳನ್ನು ಎಣಿಸಿ ಬಟ್ಟಲಲ್ಲಿ ಇಟ್ಟುಕೊಳ್ಳಬೇಕು, ಒಂದು ಮೇಜಿನ ಕೆಳಗೆ ಉರುಳಿದರೆ ಆ ಸಂಜೆ ಅಲ್ಲಿಗೆ ಮುಗಿಯಿತು. ಚೆಕ್ಕಿನ ಸ್ಪ್ರಿಂಗಿಗೆ ಒಂದೇ ಹನಿ ಎಣ್ಣೆ. ಜಾಸ್ತಿ ಹಾಕಿದರೆ ಸದ್ದು ಮಂಕಾಗುತ್ತದೆ.

ಆಮೇಲೆ ಅದನ್ನು ಹೊಳೆಗೆ ಒಯ್ಯುತ್ತೇನೆ. ಇಲ್ಲಿ ಅದಕ್ಕೆ ಸರ್ಕಾರದ ರಾಡ್ ಲೈಸೆನ್ಸ್ ಬೇಕು, ಮೇಲೆ ದಡದ ಮಾಲೀಕರ ಅಥವಾ ಕ್ಲಬ್ಬಿನ ಅನುಮತಿ ಬೇಕು. ನೂರು ವರ್ಷದ ರೀಲು ಬಂಡೆಗೆ ತಗುಲಿ ಗೀರು ಬಿದ್ದರೆ ಕ್ಲಬ್ಬಿನ ಹಿರಿಯರೊಬ್ಬರು ಹಣೆ ಚಚ್ಚಿಕೊಳ್ಳುತ್ತಾರೆ. ಅವರದ್ದೆಲ್ಲ ಗಾಜಿನ ಬೀರುವಿನಲ್ಲಿದೆ. ಮೀನು ಹಿಡಿಯುವುದಕ್ಕೆ ಅವರು ತರುವುದು ಹೊಸದಾಗಿ ಕೊಂಡ ಕಾರ್ಬನ್ ರಾಡು. ಮೀನೂ ನನಗಿಂತ ಅವರಿಗೇ ಜಾಸ್ತಿ ಸಿಗುತ್ತದೆ, ಅದನ್ನು ಒಪ್ಪಿಕೊಳ್ಳಲೇಬೇಕು.

ಈ ಭಾನುವಾರ ಒಂದು ಹರಾಜು ಮುಗಿಯಲಿದೆ. ಅಗಲದ ಡ್ರಮ್ಮಿನ ದೊಡ್ಡ ರೀಲು, ಸಾಲ್ಮನ್‌ಗೋ ಮಹಶೀರ್‌ಗೋ ಮಾಡಿದ್ದು. ಎಂಟು ಫೋಟೋ ಹಾಕಿದ್ದಾರೆ, ಒಂದರಲ್ಲೂ ಪಾದ ಕಾಣುವುದಿಲ್ಲ. ಪಾದದ್ದೊಂದು ಫೋಟೋ ಕಳಿಸಿ ಅಂತ ಬರೆದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಅರ ಹಾಕಿದ್ದೇ ಇರಬೇಕು, ನನಗಂತೂ ಒಳ್ಳೆಯದೇ ಆಯಿತು.